ಸುತ್ತು ನಿಧಿಯಿಂದ ಸಮುದಾಯ ಬಂಡವಾಳ ನಿಧಿಯವರೆಗೆ: ಸಂಜೀವಿನಿ ಸಂಘ, ಒಕ್ಕೂಟಗಳು ಅನುದಾನ ಪಡೆಯುವ ಮತ್ತು ಉಳಿಸಿಕೊಳ್ಳುವ ಬಗೆ

ಮಹಿಳಾ ಸ್ವಸಹಾಯ ಸಂಘಕ್ಕೆ ಸರ್ಕಾರದ ದುಡ್ಡು ಬಂದಿದೆ ಎಂಬ ಸುದ್ದಿ ಓಣಿಗೆ ಮುಟ್ಟಿದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ: ‘ತಲೆಗೆ ಎಷ್ಟು ಬರುತ್ತೆ?’ ತಲೆಗೆ ಏನೂ ಬರುವುದಿಲ್ಲ. ಅದು ಸದಸ್ಯರಿಗೆ ಕೊಟ್ಟ ಸಹಾಯಧನವಲ್ಲ, ಸಂಘಕ್ಕೆ ಕೊಟ್ಟ ಬಂಡವಾಳ. ಈ ಒಂದು ಮಾತು ಮೊದಲ ಸಭೆಯಲ್ಲೇ ಎಲ್ಲರಿಗೂ ತಿಳಿದಿದ್ದರೆ ಮುಂದಿನ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ. ಹಣವನ್ನು ಹಂಚಿಕೊಂಡು ಒಂದೇ ವರ್ಷದಲ್ಲಿ ಮುಚ್ಚಿಹೋದ ಸಂಘಗಳೂ ಇವೆ, ಅಷ್ಟೇ ಹಣವನ್ನು ಹತ್ತು ವರ್ಷ ತಿರುಗಿಸಿ ಊರಿನ ಬಡ್ಡಿ ವ್ಯವಹಾರವನ್ನೇ ತಗ್ಗಿಸಿದ ಸಂಘಗಳೂ ಇವೆ. ಎರಡಕ್ಕೂ ಬಂದ ಮೊತ್ತ ಒಂದೇ. ವ್ಯತ್ಯಾಸ ಇದ್ದದ್ದು ನಡಾವಳಿ ಪುಸ್ತಕದಲ್ಲಿ.

ಇಲ್ಲಿ ಹೇಳುತ್ತಿರುವುದು ದೀನದಯಾಳ್ ಅಂತ್ಯೋದಯ ಯೋಜನೆ – ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಬಗ್ಗೆ. 2011ರಲ್ಲಿ ಆರಂಭವಾದ ಈ ಅಭಿಯಾನವನ್ನು ಕರ್ನಾಟಕದಲ್ಲಿ ‘ಸಂಜೀವಿನಿ’ ಹೆಸರಿನಲ್ಲಿ ಕರ್ನಾಟಕ ರಾಜ್ಯ ಗ್ರಾಮೀಣ ಜೀವನೋಪಾಯ ಸಂವರ್ಧನಾ ಸಂಸ್ಥೆ ನಡೆಸುತ್ತಿದೆ. ವೆಚ್ಚದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ತಾಲ್ಲೂಕು ಪಂಚಾಯಿತಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ಘಟಕವಿದೆ. ಊರಿನ ಮಟ್ಟದಲ್ಲಿ ನಿಮಗೆ ಸಿಗುವವರು ಮುಖ್ಯ ಪುಸ್ತಕ ಬರಹಗಾರರು (ಎಲ್ಲರೂ ಎಂಬಿಕೆ ಎಂದೇ ಕರೆಯುತ್ತಾರೆ) ಮತ್ತು ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿ (ಎಲ್‌ಸಿಆರ್‌ಪಿ). ಅರ್ಜಿಯನ್ನು ನೇರವಾಗಿ ಬೆಂಗಳೂರಿಗೆ ಕಳಿಸುವ ದಾರಿ ಇಲ್ಲ, ಅದರ ಅಗತ್ಯವೂ ಇಲ್ಲ. ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಯಾವ ಹಣ ಯಾರದ್ದು

ಸುತ್ತು ನಿಧಿ ಬರುವುದು ಸಂಘಕ್ಕೆ. ಮೊದಲು 10,000ದಿಂದ 15,000 ರೂಪಾಯಿ ಇತ್ತು, ಈಗ ಒಂದು ಸಂಘಕ್ಕೆ 20,000ದಿಂದ 30,000 ರೂಪಾಯಿ. ಅದನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಿಲ್ಲ. ಆದರೆ ಅದರಿಂದ ಸಾಲ ಪಡೆದ ಸದಸ್ಯೆ ಸಂಘಕ್ಕೆ ಬಡ್ಡಿ ಸಮೇತ ಹಿಂದಿರುಗಿಸಲೇಬೇಕು.

ಸಮುದಾಯ ಬಂಡವಾಳ ನಿಧಿಯದು ಬೇರೆ ಲೆಕ್ಕ. ಒಂದು ಸಂಘಕ್ಕೆ ಗರಿಷ್ಠ 2.5 ಲಕ್ಷ ರೂಪಾಯಿಯವರೆಗೆ ಅವಕಾಶವಿದೆ. ಆ ಹಣ ಸರ್ಕಾರದಿಂದ, ಸಂಘಗಳೆಲ್ಲ ಸೇರಿ ಕಟ್ಟಿದ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಅನುದಾನವಾಗಿ ಬರುತ್ತದೆ, ಒಕ್ಕೂಟದಿಂದ ಸಂಘಕ್ಕೆ ಸಾಲವಾಗಿ ಹೋಗುತ್ತದೆ, ಸಂಘದಿಂದ ಸದಸ್ಯೆಗೆ ಸಾಲವಾಗುತ್ತದೆ. ಸದಸ್ಯೆ ಕಟ್ಟಿದ ಕಂತು ಅದೇ ದಾರಿಯಲ್ಲಿ ಒಕ್ಕೂಟಕ್ಕೆ ಹಿಂದಿರುಗಿ, ಮುಂದಿನ ಸಂಘಕ್ಕೆ ಹೋಗುತ್ತದೆ. ‘ಅನುದಾನ’ ಎಂಬ ಒಂದೇ ಪದ ಎರಡಕ್ಕೂ ಬಳಕೆಯಾಗುವುದರಿಂದ ಸದಸ್ಯರು ಇದನ್ನೂ ಬಿಟ್ಟಿ ಹಣವೆಂದು ತಿಳಿಯುತ್ತಾರೆ. ಒಕ್ಕೂಟಕ್ಕೆ ಅದು ಅನುದಾನ, ನಿಮ್ಮ ಸಂಘಕ್ಕೆ ಸಾಲ. ಈ ವಾಕ್ಯವನ್ನು ಹಾಗೆಯೇ ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಡಿ.

ಇವಲ್ಲದೆ ತೀರಾ ಸಂಕಷ್ಟದಲ್ಲಿರುವ ಕುಟುಂಬಗಳಿಗಾಗಿ ಒಕ್ಕೂಟದ ಮಟ್ಟದಲ್ಲಿ ಪ್ರತ್ಯೇಕ ನಿಧಿಯಿದೆ, ವಿಆರ್‌ಎಫ್ ಎನ್ನುತ್ತಾರೆ. ಮನೆಯಲ್ಲಿ ಕಾಳು ಮುಗಿದಾಗ, ಆಸ್ಪತ್ರೆ ಖರ್ಚು ಬಂದಾಗ ಬಳಸುವ ಹಣ ಅದು. ಹಸು ಕೊಳ್ಳಲು ಅದನ್ನು ಮುಟ್ಟಬಾರದು.

ಮೊದಲ ಮೂರು ತಿಂಗಳು

ಸಂಘದಲ್ಲಿ 10ರಿಂದ 20 ಮಹಿಳೆಯರಿರಬೇಕು. ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ, ಅಂಗವಿಕಲರ ಸಂಘಗಳಲ್ಲಿ 5 ಮಂದಿ ಇದ್ದರೂ ನಡೆಯುತ್ತದೆ. ನಮ್ಮ ಸಲಹೆ 12ರ ಆಸುಪಾಸು. 20 ಮಂದಿಯ ಸಂಘದಲ್ಲಿ ಪ್ರತಿ ವಾರ ಮೂರ್ನಾಲ್ಕು ಜನ ತಪ್ಪಿಸಿಕೊಂಡರೂ ಎದ್ದು ಕಾಣುವುದಿಲ್ಲ. ಹನ್ನೆರಡು ಮಂದಿಯಲ್ಲಿ ಒಬ್ಬರು ಬಾರದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದೇ ಓಣಿಯವರು, ಸರಿಸುಮಾರು ಒಂದೇ ಸ್ಥಿತಿಗತಿಯವರು ಸೇರಿರಲಿ. ಊರ ಗೌಡರ ಮನೆಯವರೂ ಅವರ ಹೊಲಕ್ಕೆ ಕೂಲಿಗೆ ಹೋಗುವವರೂ ಒಂದೇ ಸಂಘದಲ್ಲಿದ್ದರೆ ಸಭೆಯಲ್ಲಿ ಮಾತಾಡುವವರು ಯಾರು, ಸಾಲ ಮೊದಲು ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಸುತ್ತು ನಿಧಿಗೆ ಅರ್ಹತೆ ಬರುವುದು ಪಂಚಸೂತ್ರದಿಂದ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಅಂದಂದೇ ಬರೆದ ಪುಸ್ತಕ. ಮೂರರಿಂದ ಆರು ತಿಂಗಳು ಇದನ್ನು ಪಾಲಿಸಿದ ಮೇಲೆ ಸಂಘದ ಗುಣಮಟ್ಟ ಅಳೆಯುವ ಗ್ರೇಡಿಂಗ್ ನಡೆಯುತ್ತದೆ. ಹಿಂದೆ ಯಾವುದಾದರೂ ಯೋಜನೆಯಲ್ಲಿ ಸುತ್ತು ನಿಧಿ ಪಡೆದ ಸಂಘಕ್ಕೆ ಮತ್ತೆ ಸಿಗುವುದಿಲ್ಲ. ಹಳೆಯ ಸಂಘವನ್ನು ಒಡೆದು ಹೊಸ ಹೆಸರಿಡುವ ಜಾಣತನ ಸದಸ್ಯರ ಆಧಾರ್ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತದೆ. ಆಗ ಎರಡೂ ಸಂಘಗಳ ಕಡತ ನಿಲ್ಲುತ್ತದೆ.

ಐದು ಸೂತ್ರಗಳಲ್ಲಿ ಹೆಚ್ಚು ಸಂಘಗಳು ಎಡವುವುದು ಮೂರನೆಯದರಲ್ಲಿ. ವಾರಕ್ಕೆ 50 ರೂಪಾಯಿಯಂತೆ 12 ಮಂದಿ ಉಳಿಸಿದರೆ 600 ರೂಪಾಯಿ. ಮೂರು ತಿಂಗಳಿಗೆ, ಅಂದರೆ 13 ವಾರಕ್ಕೆ 7,800. ಅದನ್ನು ಹಾಗೇ ಬ್ಯಾಂಕಿನಲ್ಲಿ ಇಟ್ಟು ‘ನಮ್ಮ ದುಡ್ಡು ಭದ್ರವಾಗಿದೆ’ ಎಂದುಕೊಳ್ಳುತ್ತಾರೆ. ಗ್ರೇಡಿಂಗ್ ಮಾಡುವವರು ನೋಡುವುದು ಆ ಹಣ ಎಷ್ಟು ಸಲ ಕೈ ಬದಲಿಸಿದೆ ಎಂಬುದನ್ನು. ನಾಲ್ಕನೇ ವಾರದಿಂದಲೇ 1,000, 2,000 ರೂಪಾಯಿಯ ಸಣ್ಣ ಸಾಲಗಳನ್ನು ಕೊಡಲು ಶುರುಮಾಡಿ. ಶಾಲೆಯ ಪುಸ್ತಕ, ಔಷಧಿ, ಒಂದು ಮೂಟೆ ಗೊಬ್ಬರ, ಯಾವುದಕ್ಕಾದರೂ ಸರಿ. ಸಣ್ಣ ಮೊತ್ತದಲ್ಲಿ ಕೊಟ್ಟು ವಸೂಲಿ ಮಾಡಿ ಕಲಿಯದ ಸಂಘ 2 ಲಕ್ಷವನ್ನು ನಿಭಾಯಿಸಲಾರದು.

ಉಳಿತಾಯ ಖಾತೆ

ಸಂಘದ ಉಳಿತಾಯ ಖಾತೆಗೆ ಎಲ್ಲ ಸದಸ್ಯರ ಗುರುತಿನ ದಾಖಲೆ ಬೇಕಿಲ್ಲ, ಪದಾಧಿಕಾರಿಗಳದ್ದು ಸಾಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಹನ್ನೆರಡೂ ಜನರನ್ನು ಕೂಲಿ ಬಿಡಿಸಿ ಬ್ಯಾಂಕಿಗೆ ಕರೆಸುವ ಅಗತ್ಯವಿಲ್ಲ. ಒಯ್ಯಬೇಕಾದದ್ದು: ಖಾತೆ ತೆರೆಯುವ ಠರಾವಿನ ಪ್ರತಿ, ಸಂಘದ ನಿಯಮಾವಳಿ, ಸದಸ್ಯರ ಪಟ್ಟಿ, ಸಂಘದ ಮೊಹರು, ಪದಾಧಿಕಾರಿಗಳ ಆಧಾರ್ ಮತ್ತು ಫೋಟೊ.

ಹೆಸರಿನ ಕಾಗುಣಿತದಲ್ಲಿ ಎಚ್ಚರ. ಪಾಸ್‌ಬುಕ್ಕಿನಲ್ಲಿ ‘ಶ್ರೀ ಮಾರಿಕಾಂಬಾ ಸ್ವಸಹಾಯ ಸಂಘ’, ಸಂಜೀವಿನಿ ತಂತ್ರಾಂಶದಲ್ಲಿ ‘ಮಾರಿಕಾಂಬ ಮಹಿಳಾ ಗುಂಪು’ ಎಂದಿದ್ದರೆ ಕಡತ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತೊಡಕು ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಸಂಕೇತ. ಬ್ಯಾಂಕುಗಳು ವಿಲೀನವಾದಾಗ ಅದು ಬದಲಾಗಬಹುದು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಒಂದಾದವು. ಹಳ್ಳಿಗಾಡಿನ ಸಂಘಗಳ ಖಾತೆ ಹೆಚ್ಚಾಗಿ ಇರುವುದು ಇಂಥ ಬ್ಯಾಂಕುಗಳಲ್ಲೇ. ಹಳೆಯ ಪಾಸ್‌ಬುಕ್ಕಿನ ಪ್ರತಿ ಕೊಡುವ ಮುನ್ನ ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ತಂತ್ರಾಂಶದಲ್ಲಿ ಎಂಬಿಕೆಯ ಮುಂದೆ ಕೂತು ಹೊಂದಿಸಿ ನೋಡಿ. ಹಣ ಹಿಂದಕ್ಕೆ ಹೋಗಿ ಮತ್ತೆ ಬರಲು ತಿಂಗಳುಗಳೇ ಹಿಡಿಯಬಹುದು, ಆರ್ಥಿಕ ವರ್ಷ ದಾಟಿದರೆ ಇನ್ನೂ ತಡ.

ಪುಸ್ತಕಗಳು

ನಡಾವಳಿ ಮತ್ತು ಹಾಜರಿ, ನಗದು ಪುಸ್ತಕ, ಉಳಿತಾಯ–ಸಾಲದ ಖಾತೆ ಪುಸ್ತಕ, ಪ್ರತಿ ಸದಸ್ಯೆಯ ಪಾಸ್‌ಪುಸ್ತಕ, ರಸೀದಿ ಮತ್ತು ವೋಚರ್ ಕಡತ. ಈಗ ಇದೇ ಲೆಕ್ಕ ಅಭಿಯಾನದ ಲೋಕಓಎಸ್ ಆ್ಯಪ್‌ಗೂ ಏರುತ್ತದೆ. ಮೊಬೈಲಿನಲ್ಲಿ ಹಾಕಿದ್ದೇವಲ್ಲ ಎಂದು ಪುಸ್ತಕ ಬಿಡಬೇಡಿ. ಓದಲು ಬಾರದ ಸದಸ್ಯೆಗೂ ತನ್ನ ಪಾಸ್‌ಪುಸ್ತಕದ ಅಂಕಿ ಗುರುತು ಸಿಗುತ್ತದೆ, ಆ್ಯಪ್ ಅವಳ ಕೈಯಲ್ಲಿ ಇರುವುದಿಲ್ಲ.

ಪುಸ್ತಕವನ್ನು ಸಭೆಯಲ್ಲೇ, ಎಲ್ಲರ ಎದುರೇ ಬರೆಯಬೇಕು. ಎಂಬಿಕೆ ಮನೆಗೆ ಒಯ್ದು ತಿಂಗಳ ಕೊನೆಗೆ ಒಟ್ಟಿಗೆ ಬರೆದ ಪುಸ್ತಕ ಪತ್ತೆಹಚ್ಚಲು ಲೆಕ್ಕಪರಿಶೋಧಕರಿಗೆ ಎರಡು ನಿಮಿಷ ಸಾಕು: ಒಂದೇ ಪೆನ್ನು, ಒಂದೇ ಅಕ್ಷರ, ಒಂದೂ ಕಾಟು ಇಲ್ಲ. ಸಭೆ ಮುಗಿಯುವ ಮುನ್ನ ಮೂರು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ: ಇಂದು ಬಂದದ್ದು, ಇಂದು ಹೋದದ್ದು, ಕೈಯಲ್ಲಿರುವ ನಗದು. ಕೈಯಲ್ಲಿರುವುದನ್ನು ಎಣಿಸಿ ತೋರಿಸಿ. ಮರುದಿನವೇ ಬ್ಯಾಂಕಿಗೆ ಕಟ್ಟಿ. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಸಂಘ ಕುಸಿಯಲು ಅದೊಂದೇ ಸಾಕು.

ಸುತ್ತು ನಿಧಿ ಬಂದ ದಿನ

ಸಭೆ ಕರೆದು ಮೊತ್ತ, ದಿನಾಂಕ, ಬ್ಯಾಂಕಿನ ನಮೂದು ಓದಿ, ನಡಾವಳಿಯಲ್ಲಿ ದಾಖಲಿಸಿ. ನಂತರ ಅದು ಸಂಘದ ಉಳಿತಾಯದ ಜೊತೆ ಸೇರಿ ಒಂದೇ ಬಂಡವಾಳವಾಗುತ್ತದೆ. ಸಮಪಾಲು ಹಂಚುವ ಒತ್ತಡ ಇಲ್ಲೇ ಬರುತ್ತದೆ. 20,000ವನ್ನು 12 ಮಂದಿಗೆ ಹಂಚಿದರೆ ತಲಾ 1,666 ರೂಪಾಯಿ. ಅಷ್ಟರಲ್ಲಿ ಒಂದು ಕುರಿಮರಿಯೂ ಬಾರದು, ಹಬ್ಬದ ಖರ್ಚಿಗೆ ಹೋಗುತ್ತದೆ. ಅದೇ ಹಣ ಇಬ್ಬರಿಗೆ ತಲಾ 10,000 ಸಾಲವಾಗಿ ಹೋಗಿ, ಹತ್ತು ತಿಂಗಳಲ್ಲಿ ಹಿಂದಿರುಗಿ, ಮತ್ತಿಬ್ಬರಿಗೆ ಹೋದರೆ ಕೆಲಸ ಮಾಡುತ್ತದೆ. ಇದನ್ನು ಠೇವಣಿ ಇಡುವುದೂ ತಪ್ಪು. ತಿರುಗಬೇಕಾದ ಹಣ ಅದು, ಹೆಸರಲ್ಲೇ ಇದೆಯಲ್ಲ.

ಹಣ ಹಂಚಿಕೊಳ್ಳದಿರಲು ಇನ್ನೊಂದು ಕಾರಣವಿದೆ. ಬ್ಯಾಂಕ್ ಮೊದಲ ಸಲ ಕೊಡುವ ಸಾಲ ಸಂಘದ ಒಟ್ಟು ಬಂಡವಾಳದ 6 ಪಟ್ಟು ಅಥವಾ 1.5 ಲಕ್ಷ, ಯಾವುದು ಹೆಚ್ಚೋ ಅದು. ಬಂಡವಾಳವೆಂದರೆ ಉಳಿತಾಯ, ಸುತ್ತು ನಿಧಿ, ಸದಸ್ಯರಿಂದ ಬಂದ ಬಡ್ಡಿ ಎಲ್ಲವೂ ಸೇರಿದ ಮೊತ್ತ. ನಮ್ಮ ಉದಾಹರಣೆಯ ಸಂಘದಲ್ಲಿ 26 ವಾರಕ್ಕೆ ಉಳಿತಾಯ 15,600, ಸುತ್ತು ನಿಧಿ 20,000, ಬಡ್ಡಿ 1,400 ಎಂದಿಟ್ಟುಕೊಳ್ಳಿ. ಒಟ್ಟು 37,000. ಆರು ಪಟ್ಟು ಎಂದರೆ 2,22,000. ಮ್ಯಾನೇಜರು ‘ಮೊದಲ ಸಲ ಒಂದೂವರೆ ಲಕ್ಷ ಮಾತ್ರ’ ಎಂದರೆ ಈ ಲೆಕ್ಕವನ್ನು ಮುಂದಿಡಿ. 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ. ಬ್ಯಾಂಕ್ ಸಾಲಕ್ಕೆ ಸಂಘ ನಡೆದಿರಬೇಕಾದ ಆರು ತಿಂಗಳ ಲೆಕ್ಕ ಶುರುವಾಗುವುದು ಸಂಘ ಪುಸ್ತಕ ಬರೆಯಲು ಆರಂಭಿಸಿದ ದಿನದಿಂದ, ಖಾತೆ ತೆರೆದ ದಿನದಿಂದ ಅಲ್ಲ. ಯಾರೋ ಒಬ್ಬ ಸದಸ್ಯೆಯ ಗಂಡ ಬೆಳೆ ಸಾಲ ಕಟ್ಟಿಲ್ಲ ಎಂದು ಇಡೀ ಸಂಘಕ್ಕೆ ಸಾಲ ನಿರಾಕರಿಸುವುದೂ ಸರಿಯಲ್ಲ. ಶಾಖೆಯಲ್ಲಿ ಬಗೆಹರಿಯದಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ತಾಲ್ಲೂಕು ಘಟಕದ ಮೂಲಕ ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಗಮನಕ್ಕೆ ತನ್ನಿ. 30 ದಿನದಲ್ಲಿ ಬ್ಯಾಂಕಿನ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾ ಅಧಿಕಾರಿ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ಎಂಸಿಪಿ: ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ

ಸಮುದಾಯ ಬಂಡವಾಳ ನಿಧಿ ಸಿಗುವುದು ಯಾರಿಗೆ ಎಷ್ಟು, ಯಾವುದಕ್ಕೆ ಸಾಲ ಬೇಕೆಂದು ಸಂಘವೇ ಬರೆಯುವ ಸೂಕ್ಷ್ಮ ಸಾಲ ಯೋಜನೆಯ, ಅಂದರೆ ಎಂಸಿಪಿಯ ಮೇಲೆ. ಒಂದು ಮಧ್ಯಾಹ್ನದಲ್ಲಿ ಪಕ್ಕದ ಸಂಘದ ಎಂಸಿಪಿಯನ್ನು ನಕಲು ಮಾಡಿ ಮುಗಿಸುವವರಿದ್ದಾರೆ. ಹನ್ನೆರಡೂ ಮನೆಯವರಿಗೂ ಹಸು, ಹನ್ನೆರಡೂ ಹಸುವಿಗೆ ಒಂದೇ ಬೆಲೆ. ಅಂಥ ಯೋಜನೆ ಒಕ್ಕೂಟದಲ್ಲಿ ಪಾಸಾದರೂ ಏಳನೇ ತಿಂಗಳಿಗೆ ಕಂತು ನಿಲ್ಲುತ್ತದೆ. ಕನಿಷ್ಠ ಮೂರು ಸಭೆ ಇದಕ್ಕೆಂದೇ ಇಡಿ.

ಮೊದಲ ಸಭೆಯಲ್ಲಿ ಪ್ರತಿ ಮನೆಯ ವರ್ಷದ ಆದಾಯ, ಖರ್ಚು ಮತ್ತು ಈಗಿರುವ ಸಾಲ. ಸಾಲದ ಪಟ್ಟಿಯಲ್ಲಿ ಮೈಕ್ರೋಫೈನಾನ್ಸ್ ಕಂತನ್ನು ಮುಚ್ಚಿಡುವವರೇ ಹೆಚ್ಚು, ಮರ್ಯಾದೆಯ ಪ್ರಶ್ನೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದ ಮೇಲೆ ಅದು ಎಷ್ಟು ಮನೆಗಳ ಸಂಕಟ ಎಂಬುದು ಎಲ್ಲರಿಗೂ ಗೊತ್ತೇ ಇದೆ. ಬೈಯಲು ಅಲ್ಲ, ಕಂತಿನ ಲೆಕ್ಕ ಸರಿಯಾಗಲಿ ಎಂದು ಕೇಳುತ್ತಿದ್ದೇವೆ ಎಂದು ಮೊದಲೇ ಹೇಳಿ. ವಾರಕ್ಕೆ 800 ರೂಪಾಯಿ ಬೇರೆ ಕಡೆ ಕಟ್ಟುತ್ತಿರುವ ಮನೆಗೆ ತಿಂಗಳಿಗೆ 2,000ದ ಇನ್ನೊಂದು ಕಂತು ಹೊರಿಸುವುದು ಸಹಾಯವಲ್ಲ.

ಎರಡನೇ ಸಭೆಯಲ್ಲಿ ಬೇಡಿಕೆ: ಎಷ್ಟು, ಯಾವುದಕ್ಕೆ, ಯಾವ ತಿಂಗಳಲ್ಲಿ ಬೇಕು, ಯಾವ ಆದಾಯದಿಂದ ಹಿಂದಿರುಗುತ್ತದೆ. ಕೊನೆಯ ಪ್ರಶ್ನೆಯೇ ಜೀವಾಳ. ಹಾಲು ಕರೆಯುವ ಹಸು ತಂದರೆ ಡೇರಿಯ ಬಟವಾಡೆಯಿಂದ ಮೊದಲ ತಿಂಗಳಿಂದಲೇ ಕಂತು ಕಟ್ಟಬಹುದು. ಆದರೆ ಮುಂದಿನ ಕರುವಿಗೆ ಮುಂಚೆ ಸುಮಾರು ಎರಡು ತಿಂಗಳು ಹಾಲು ಬತ್ತುತ್ತದೆ, ಆ ಎರಡು ಕಂತನ್ನು ಮೊದಲೇ ಸಣ್ಣದಾಗಿಡಿ. ಮರಿ ತಂದು ಸಾಕಿ ಮಾರುವವರಿಗೆ ತಿಂಗಳ ಕಂತು ಹೊಂದುವುದೇ ಇಲ್ಲ, ಮಾರಾಟದ ತಿಂಗಳಿಗೆ ದೊಡ್ಡ ಕಂತು ಇರಲಿ. ರಾಗಿ ಬೆಳೆಯುವವರು ಕಟಾವಿನ ನಂತರ ಕಟ್ಟುತ್ತಾರೆ. ಹೊಲಿಗೆ ಯಂತ್ರದವರಿಗೆ ಹಬ್ಬ ಮತ್ತು ಮದುವೆಯ ತಿಂಗಳುಗಳಲ್ಲಿ ಆದಾಯ. ಬಡ್ಡಿ ಸಾಲ ತೀರಿಸಲು ಕೇಳಿದರೆ ಮೂಗು ಮುರಿಯಬೇಡಿ. 30,000 ರೂಪಾಯಿಗೆ ನೂರಕ್ಕೆ ಮೂರರ ಬಡ್ಡಿ ಎಂದರೆ ತಿಂಗಳಿಗೆ 900. ಸಂಘದಲ್ಲಿ ನೂರಕ್ಕೆ ಒಂದೂವರೆ ಇದ್ದರೆ 450. ಮೊದಲ ತಿಂಗಳೇ ಆ ಮನೆಗೆ 450 ಉಳಿಯಿತು, ಯಾವ ಹಸುವೂ ಅಷ್ಟು ಖಚಿತವಾಗಿ ಕೊಡಲಾರದು.

ಮೂರನೇ ಸಭೆಯಲ್ಲಿ ಆದ್ಯತೆ. ಬೇಡಿಕೆ 4 ಲಕ್ಷ, ಬರಬಹುದಾದದ್ದು 1.5 ಲಕ್ಷ ಎಂದಾದರೆ ಮೊದಲ ಸರದಿ ಅತಿ ಬಡವರದ್ದು, ಒಂಟಿ ಮಹಿಳೆಯರದ್ದು. ಪದಾಧಿಕಾರಿಗಳು ಕೊನೆಯ ಸರದಿ ತೆಗೆದುಕೊಳ್ಳುವ ಸಂಘದಲ್ಲಿ ಜಗಳ ಕಡಿಮೆ, ಇದು ನಿಯಮದಲ್ಲಿ ಇಲ್ಲದಿದ್ದರೂ ನಿಮ್ಮ ಠರಾವಿನಲ್ಲಿ ಇರಲಿ. ಚೀಟಿ ಎತ್ತುವುದು ಬೇಡ. ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಪಡೆದು ಒಕ್ಕೂಟದ ಸಾಲ ಉಪಸಮಿತಿಗೆ ಕೊಡಿ, ಒಂದು ಪ್ರತಿ ಸಂಘದಲ್ಲೇ ಇಟ್ಟುಕೊಳ್ಳಿ.

ಬಡ್ಡಿ ಲೆಕ್ಕ ಹಾಕುವ ರೀತಿ

ದರವನ್ನು ಒಕ್ಕೂಟದ ಸಾಮಾನ್ಯ ಸಭೆ ನಿರ್ಧರಿಸುತ್ತದೆ. ದರದಷ್ಟೇ ಮುಖ್ಯ ಲೆಕ್ಕದ ಬಗೆ. 1,50,000 ರೂಪಾಯಿ, 24 ಕಂತು, ತಿಂಗಳಿಗೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಅಸಲಿನ ಕಂತು 6,250. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಮೊದಲ ತಿಂಗಳು 1,500, ಎರಡನೇ ತಿಂಗಳು 1,437.50, ಹೀಗೆ ಇಳಿಯುತ್ತಾ ಎರಡು ವರ್ಷಕ್ಕೆ ಒಟ್ಟು 18,750. ಅದೇ ಪೂರ್ತಿ ಮೊತ್ತದ ಮೇಲೆ ಕೊನೆಯವರೆಗೂ 1,500ರಂತೆ ಎಳೆದರೆ 36,000. ಹೇಳಿದ ದರ ಎರಡೂ ಕಡೆ ಒಂದೇ, ಸಂಘದ ಮೇಲೆ ಬಿದ್ದ ಹೊರೆ 17,250 ಹೆಚ್ಚು. ಸಾಲದ ಒಪ್ಪಂದದಲ್ಲಿ ‘ಇಳಿಕೆ ಬಾಕಿಯ ಮೇಲೆ’ ಎಂಬ ಪದಗಳಿವೆಯೇ ನೋಡಿ, ಇಲ್ಲದಿದ್ದರೆ ಸೇರಿಸಿದ ಮೇಲೆಯೇ ಸಹಿ ಮಾಡಿ. ಸದಸ್ಯೆಯಿಂದ ಸಂಘ ಪಡೆಯುವ ಬಡ್ಡಿಗೂ ಇದೇ ನಿಯಮ ಅನ್ವಯಿಸಿ.

ಕಂತು ತಪ್ಪಿದಾಗ

ಮೊದಲ ಕಂತು ತಪ್ಪಿದ ವಾರವೇ ಇಬ್ಬರು ಮನೆಗೆ ಹೋಗಿ ಕಾರಣ ತಿಳಿಯಬೇಕು. ಹಸು ಸತ್ತಿದೆಯೇ, ಕಾಯಿಲೆಯೇ, ಅಥವಾ ಸಾಲದ ಹಣ ಬೇರೆಯವರ ಕೈ ಸೇರಿದೆಯೇ? ನಿಜವಾದ ಕಷ್ಟವಿದ್ದರೆ ಸಭೆಯಲ್ಲಿ ಠರಾವು ಮಾಡಿ ಕಂತನ್ನು ಮರುಹೊಂದಿಸಿ, ಬಾಯಿಮಾತಿನ ವಿನಾಯಿತಿ ಬೇಡ. ಅದೇ ತಿಂಗಳು ಸಂಘವು ಒಕ್ಕೂಟಕ್ಕೆ ಕಟ್ಟಬೇಕಾದ ಕಂತನ್ನು ತನ್ನ ಬಡ್ಡಿ ಆದಾಯದಿಂದ ತುಂಬಿ ಕಟ್ಟಲಿ, ಏಕೆಂದರೆ ನಿಮ್ಮ ಕಂತಿಗಾಗಿ ಮುಂದಿನ ಸಂಘ ಕಾಯುತ್ತಿದೆ. ನೆರೆಹೊರೆಯವರ ಮುಂದೆ ಅವಮಾನಿಸುವುದು, ಪಾತ್ರೆ ಎತ್ತಿಕೊಂಡು ಬರುವುದು ಸಂಘದ ಕೆಲಸವಲ್ಲ. ಅದರಿಂದ ತಪ್ಪಿಸಿಕೊಳ್ಳಲೆಂದೇ ಹೆಂಗಸರು ಸಂಘ ಕಟ್ಟಿಕೊಂಡದ್ದು.

ಸಾಲಗಾರ ಸದಸ್ಯೆ ತೀರಿಹೋದರೆ ಆ ಮನೆಯ ಮೇಲೂ ಸಂಘದ ಮೇಲೂ ಏಟು ಬೀಳುತ್ತದೆ. ಸಾಲ ಕೊಡುವ ದಿನವೇ ಪ್ರಧಾನಮಂತ್ರಿ ಜೀವನ ಜ್ಯೋತಿ (ವರ್ಷಕ್ಕೆ 436 ರೂಪಾಯಿ, 18–50 ವಯಸ್ಸಿನಲ್ಲಿ ಸೇರಬಹುದು) ಮತ್ತು ಸುರಕ್ಷಾ ಬಿಮಾ (20 ರೂಪಾಯಿ, 18–70 ವಯಸ್ಸು) ಮಾಡಿಸಿ. ಮೊದಲನೆಯದರಲ್ಲಿ ಯಾವುದೇ ಕಾರಣದ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ 2 ಲಕ್ಷ ಪರಿಹಾರವಿದೆ. ವಿಮೆಯ ಕಂತು ಮೇ ತಿಂಗಳಲ್ಲಿ ಸದಸ್ಯೆಯ ಖಾತೆಯಿಂದ ಕಡಿತವಾಗುತ್ತದೆ. ಆಗ ಖಾತೆ ಖಾಲಿಯಿದ್ದರೆ ವಿಮೆ ನಿಂತಿರುತ್ತದೆ, ಅದು ಯಾರಿಗೂ ಗೊತ್ತಿರುವುದಿಲ್ಲ. ಮೇ ಮೊದಲ ವಾರದ ಸಭೆಯಲ್ಲಿ ಎಲ್ಲರ ಪಾಸ್‌ಬುಕ್ ತರಿಸಿ ನೋಡಿ.

ಒಕ್ಕೂಟದವರಿಗೆ

ಒಕ್ಕೂಟವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಣಿಯಾಗಿದ್ದರೆ, ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಎರಡು ಮೂರು ವರ್ಷ ಮರೆತು, ಹೊಸ ಯೋಜನೆಗೆ ಅರ್ಜಿ ಹಾಕುವಾಗ ಓಡಾಡುವ ಒಕ್ಕೂಟಗಳು ಬಹಳ. ಬಂಡವಾಳ ನಿಧಿಗೆ ಒಂದು ಖಾತೆ, ಆಡಳಿತ ವೆಚ್ಚಕ್ಕೆ ಇನ್ನೊಂದು ಖಾತೆ ಇಡಿ. ಗೌರವಧನ, ಬಾಡಿಗೆ, ಟೀ ಖರ್ಚು ಬಡ್ಡಿ ಆದಾಯದಿಂದ ಹೋಗಬೇಕು, ಅಸಲಿನಿಂದ ಎಂದಿಗೂ ಅಲ್ಲ.

ಬಡ್ಡಿಯನ್ನೇ ನೆಚ್ಚಿಕೊಂಡ ಒಕ್ಕೂಟ ಬಡವಾಗಿಯೇ ಇರುತ್ತದೆ. ಗ್ರಾಮ ಪಂಚಾಯಿತಿಯ ಜೊತೆ ಒಪ್ಪಂದ ಮಾಡಿಕೊಂಡು ಸ್ವಚ್ಛ ಸಂಕೀರ್ಣ (ಕಸ ವಿಂಗಡಣಾ ಘಟಕ), ಸ್ವಚ್ಛವಾಹಿನಿ (ಕಸ ಸಂಗ್ರಹದ ಗಾಡಿ) ನಡೆಸುವ ಒಕ್ಕೂಟಗಳು ಕರ್ನಾಟಕದಲ್ಲಿ ಹಲವಿವೆ. ಒಪ್ಪಂದದಲ್ಲಿ ಚಾಲಕಿ ಮತ್ತು ಸಹಾಯಕಿಯ ವೇತನ ಯಾರು ಕೊಡಬೇಕು, ಡೀಸೆಲ್ ಯಾರದ್ದು, ಮನೆಗಳ ಶುಲ್ಕ ಯಾವ ಖಾತೆಗೆ, ಗಾಡಿ ಕೆಟ್ಟರೆ ರಿಪೇರಿ ಯಾರದ್ದು ಎಂಬ ನಾಲ್ಕೂ ಸ್ಪಷ್ಟವಾಗಿರಲಿ. ಹಪ್ಪಳ, ರೊಟ್ಟಿ, ಉಪ್ಪಿನಕಾಯಿ ಮಾಡುವ ಸದಸ್ಯರಿದ್ದರೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದೆ: ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸದಸ್ಯೆಗೆ 40,000ದವರೆಗೆ, ಒಂದು ಸಂಘಕ್ಕೆ 4 ಲಕ್ಷದವರೆಗೆ ಬೀಜ ಬಂಡವಾಳ. ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವುದು ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್. ಇದೂ ಒಕ್ಕೂಟದ ಮೂಲಕ ಸಾಲವಾಗಿಯೇ ಸದಸ್ಯೆಗೆ ತಲುಪುವ ಹಣ. ಯೋಜನೆಯ ಅವಧಿ ಮುಂದುವರಿದಿದೆಯೇ ಎಂದು ಜಿಲ್ಲಾ ಮಟ್ಟದಲ್ಲಿ ಕೇಳಿಯೇ ಮುಂದುವರಿಯಿರಿ.

ಹಣವಿಲ್ಲದೆಯೂ ಒಕ್ಕೂಟ ಊರಿಗೆ ತರಬಹುದಾದದ್ದು ಗ್ರಾಮ ಬಡತನ ನಿವಾರಣಾ ಯೋಜನೆಯ ಮೂಲಕ. ಸಂಘಗಳು ಕೂತು ಯಾರಿಗೆ ಪಿಂಚಣಿ ಬಂದಿಲ್ಲ, ಯಾರಿಗೆ ಉದ್ಯೋಗ ಚೀಟಿ ಇಲ್ಲ, ಯಾವ ಓಣಿಗೆ ನೀರಿಲ್ಲ ಎಂದು ಪಟ್ಟಿ ಮಾಡಿ, ಒಕ್ಕೂಟ ಅದನ್ನು ಕ್ರೋಡೀಕರಿಸಿ ಗ್ರಾಮಸಭೆಯಲ್ಲಿ ಮಂಡಿಸುತ್ತದೆ. ಪಂಚಾಯಿತಿಯ ವಾರ್ಷಿಕ ಯೋಜನೆ ಸಿದ್ಧವಾಗುವುದು ಅಕ್ಟೋಬರ್‌ನಿಂದ ಜನವರಿಯ ನಡುವೆ. ಫೆಬ್ರವರಿಯಲ್ಲಿ ಕೊಟ್ಟ ಪಟ್ಟಿ ಕಪಾಟು ಸೇರುತ್ತದೆ. ಸೆಪ್ಟೆಂಬರಿನಲ್ಲೇ ಸಂಘಗಳ ಪಟ್ಟಿ ಮುಗಿಸಿ, ಪಂಚಾಯಿತಿಗೆ ಕೊಟ್ಟ ಪ್ರತಿಗೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಂಡು, ಗ್ರಾಮಸಭೆಯ ದಿನ ಪ್ರತಿ ಸಂಘದಿಂದ ಇಬ್ಬರಾದರೂ ಹಾಜರಿರಿ. ಸಭೆಯ ನಡಾವಳಿಯಲ್ಲಿ ನಿಮ್ಮ ಬೇಡಿಕೆಗಳು ದಾಖಲಾಗಿವೆಯೇ ಎಂದು ಓದಿ ನೋಡಿದ ಮೇಲೆಯೇ ಮನೆಗೆ ಹೊರಡಿ.